ಪದಚರ್ಚೆ: 'ಮೊರಟೋರಿಯಂ' ಅಂದರೆ ವಿನಾಯಿತಿಯೇ, ಮುಂದೂಡಿಕೆಯೇ, ಬಿಡುವೇ?

ಎಲ್ಲರಿಗೂ ನಮಸ್ಕಾರ.

2020ರ ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ಕೈಗೊಂಡ ಆರ್ಥಿಕ ಕ್ರಮಗಳ ಬಗೆಗಿನ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ಹೆಜ್ಜೆಹೆಜ್ಜೆಗೂ 'ಮೊರಟೋರಿಯಂ' ಸಿಗುತ್ತದೆ, ಅಂದರೆ ಸಾಲದ ಕಂತನ್ನು ಕೆಲವು ತಿಂಗಳು ಕಟ್ಟದೆ ಇರಲು ಕೊಟ್ಟ ಅವಕಾಶ. ಆಗ ಸುದ್ದಿಗಳಲ್ಲಿ 'ಇಎಂಐ ವಿನಾಯಿತಿ', 'ಕಂತು ಮುಂದೂಡಿಕೆ' ಎರಡೂ ಬಳಕೆಯಲ್ಲಿದ್ದವು. ಜನರ ಬಾಯಲ್ಲಿ 'ಕಂತು ಮನ್ನಾ' ಅಂತಲೂ ಇತ್ತು. ಯಾವುದು ಸರಿ? ದುಡಿಯುವ ಬಂಡವಾಳದ ಸಾಲಕ್ಕೆ (ವ್ಯವಹಾರದ ದಿನನಿತ್ಯದ ಖರ್ಚಿಗೆ ಪಡೆಯುವ ಸಾಲ) ಮೂಲದಲ್ಲಿ 'ಡಿಫರ್‌ಮೆಂಟ್' ಎಂಬ ಬೇರೆ ಪದವಿದೆ. ಎರಡಕ್ಕೂ ಒಂದೇ ಕನ್ನಡ ಪದ ಬಳಸಿದರೆ ನಡೆಯುತ್ತದೆಯೇ?

* * *

ನಡೆಯುವುದಿಲ್ಲ. ಆದರೆ ಅದಕ್ಕೂ ಮೊದಲು 'ವಿನಾಯಿತಿ'ಯನ್ನು ಕೈಬಿಡಬೇಕು. ಶುಲ್ಕದಲ್ಲಿ ವಿನಾಯಿತಿ ಅಂದರೆ ಅಷ್ಟು ಹಣ ಕೊಡಬೇಕಿಲ್ಲ ಎಂದೇ ನಮ್ಮ ಕಿವಿಗೆ ಕೇಳುವುದು. 'ಮನ್ನಾ' ಇನ್ನೂ ಅಪಾಯ. ಕರ್ನಾಟಕದಲ್ಲಿ 2018ರ ರೈತರ ಸಾಲಮನ್ನಾದ ನೆನಪು ಹಸಿಯಾಗಿತ್ತು. ಅಲ್ಲಿ ರೈತನ ಬದಲು ಸರ್ಕಾರ ಬ್ಯಾಂಕಿಗೆ ದುಡ್ಡು ಕಟ್ಟುತ್ತದೆ, ಸಾಲ ತೀರುತ್ತದೆ. ಮೊರಟೋರಿಯಂನಲ್ಲಿ ಯಾರೂ ಯಾರ ಪರವಾಗಿಯೂ ಕಟ್ಟಲಿಲ್ಲ.

2020ರ ಮಾರ್ಚ್ 27ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನೋಡಿ. ಮಾರ್ಚ್ 1ರಿಂದ ಮೇ 31ರವರೆಗೆ ವಾಯಿದೆಗೆ ಬರುವ ಅವಧಿ ಸಾಲದ (ಗೊತ್ತಾದ ಅವಧಿಯೊಳಗೆ ಕಂತುಗಳಲ್ಲಿ ತೀರಿಸುವ ಸಾಲ) ಕಂತುಗಳಿಗೆ ಮೂರು ತಿಂಗಳ ಮೊರಟೋರಿಯಂ ಕೊಡಲು ಬ್ಯಾಂಕುಗಳಿಗೆ ಅನುಮತಿ ಸಿಕ್ಕಿತು. ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿದರು. ಇಲ್ಲಿ 'ಅನುಮತಿ' ಎಂಬುದನ್ನೂ ಹಾಗೆಯೇ ಉಳಿಸಿಕೊಳ್ಳಿ, 'ಆದೇಶ' ಎಂದು ಬರೆಯಬೇಡಿ. ಕೊಡುವುದು ಹೇಗೆಂದು ಆಯಾ ಬ್ಯಾಂಕಿನ ಆಡಳಿತ ಮಂಡಳಿಯೇ ತೀರ್ಮಾನಿಸಬೇಕಿತ್ತು. ಕೆಲವು ಬ್ಯಾಂಕುಗಳು 'ಬೇಡ' ಎಂದವರನ್ನು ಬಿಟ್ಟು ಉಳಿದೆಲ್ಲರಿಗೂ ಅನ್ವಯಿಸಿದವು, ಕೆಲವು 'ಬೇಕು' ಎಂದು ಕೇಳಿದವರಿಗೆ ಮಾತ್ರ ಕೊಟ್ಟವು. ಎರಡನೆಯ ಬಗೆಯ ಬ್ಯಾಂಕಿನಲ್ಲಿ ತಾನಾಗಿಯೇ ಸಿಗುತ್ತದೆಂದು ನಂಬಿ ಖಾತೆ ಖಾಲಿ ಬಿಟ್ಟರೆ ಕಂತಿನ ಆಟೋ ಡೆಬಿಟ್ ಬೌನ್ಸ್ ಆಗಿ ಅದರ ದಂಡ ಬೇರೆ ಬೀಳುತ್ತದೆ.

ಈಗ ಪದದ ತಿರುಳಿಗೆ ಬರೋಣ. ಸಾಲದ ಖಾತೆಯಲ್ಲಿ ಎರಡು ಲೆಕ್ಕ ನಡೆಯುತ್ತಿರುತ್ತದೆ. ಒಂದು ಸುಸ್ತಿ ದಿನಗಳ ಲೆಕ್ಕ: ಕಂತು ತಪ್ಪಿ 90 ದಿನ ದಾಟಿದರೆ ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಇನ್ನೊಂದು ಬಡ್ಡಿಯ ಲೆಕ್ಕ. ಮೊರಟೋರಿಯಂ ನಿಲ್ಲಿಸಿದ್ದು ಮೊದಲನೆಯದನ್ನು ಮಾತ್ರ. ಫೆಬ್ರುವರಿ 29ಕ್ಕೆ 60 ದಿನ ಸುಸ್ತಿಯಾಗಿದ್ದ ಖಾತೆ ಮೊರಟೋರಿಯಂ ಪಡೆದಿದ್ದರೆ ಆಗಸ್ಟ್ 31ಕ್ಕೂ 60ರಲ್ಲೇ ಇರುತ್ತದೆ. ಬಡ್ಡಿ ಮಾತ್ರ ಬಾಕಿ ಅಸಲಿನ ಮೇಲೆ ಬೆಳೆಯುತ್ತಲೇ ಹೋಗುತ್ತದೆ. ಸುತ್ತೋಲೆಯಲ್ಲೇ ಇದು ಸ್ಪಷ್ಟವಾಗಿದೆ.

ಎಷ್ಟು ಬೆಳೆಯುತ್ತದೆ? ಗೃಹಸಾಲದಲ್ಲಿ ₹10 ಲಕ್ಷ ಅಸಲು ಬಾಕಿ, ಶೇ 8ರ ಬಡ್ಡಿ, ಇನ್ನೂ 180 ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು ₹9,557. ಆರು ತಿಂಗಳು ಕಟ್ಟದಿದ್ದರೆ ಬಾಕಿ ₹10,40,673 ಆಗುತ್ತದೆ. ಬಡ್ಡಿ ದರ ಬದಲಾಗದೆ ಅದೇ ಕಂತು ಮುಂದುವರಿದರೆ ಆಮೇಲೆ ಕಟ್ಟಬೇಕಾದ್ದು 180 ಅಲ್ಲ, ಸುಮಾರು 195 ಕಂತು. ಕಂತಿನ ಸಂಖ್ಯೆ 180ರಲ್ಲೇ ಇರಲಿ ಎಂದರೆ ಕಂತು ₹9,945ಕ್ಕೆ ಏರುತ್ತದೆ. ಆರು ಕಂತು ಬಿಟ್ಟದ್ದಕ್ಕೆ ಹದಿನೈದು ಕಂತು ಹೆಚ್ಚಿಗೆ! 'ವಿನಾಯಿತಿ' ಎಂದು ಓದಿದ ಸಾಲಗಾರನಿಗೆ ಇದು ಹೇಗೆ ಹೊಳೆಯಬೇಕು? ಕೈಯಲ್ಲಿ ದುಡ್ಡಿದ್ದೂ ಕಟ್ಟದೆ ಬಿಟ್ಟವರಿಗೆ ನಷ್ಟವೇ ಆಯಿತು. ಸಂಬಳ ನಿಂತವರಿಗೆ ಮಾತ್ರ ಇದು ನಿಜವಾದ ಆಸರೆ. ತಪ್ಪು ಪದ ಈ ಎರಡೂ ಬಗೆಯವರನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿತು.

'ಕಂತು ಮುಂದೂಡಿಕೆ' ತಪ್ಪಲ್ಲ, ಆದರೆ ಅರ್ಧ ಸರಿ. ಅದೇ ಆರು ಕಂತು ಅದೇ ಮೊತ್ತದಲ್ಲಿ ಕೊನೆಗೆ ಹೋಗಿ ಕೂರುತ್ತವೆ ಎಂಬ ಭಾವನೆ ಬರುತ್ತದೆ. ಹಾಗಾಗಿ ನನ್ನ ಆಯ್ಕೆ 'ಕಂತು ಬಿಡುವು'. ಬಿಡುವು ಎಂದರೆ ಕೆಲಸ ತಪ್ಪಿತೆಂದಲ್ಲ, ಸದ್ಯಕ್ಕೆ ನಿಂತಿದೆ ಎಂದಷ್ಟೇ. ಮೊದಲ ಸಲ ಬಂದಾಗ 'ಬಡ್ಡಿ ನಿಲ್ಲದ ಕಂತು ಬಿಡುವು (ಮೊರಟೋರಿಯಂ)' ಎಂದು ಪೂರ್ತಿ ಬರೆದು, ಮುಂದೆ ಬರಿಯ 'ಕಂತು ಬಿಡುವು' ಎನ್ನಿ. ಬ್ಯಾಂಕಿನ ಅರ್ಜಿ ನಮೂನೆಗಳಲ್ಲಾದರೆ 'ಮೊರಟೋರಿಯಂ' ಎಂದೇ ಇರಲಿ, ಕೌಂಟರಿನಲ್ಲಿ ಕೇಳಿಬರುವುದು ಅದೇ.

'ಡಿಫರ್‌ಮೆಂಟ್' ಇದ್ದದ್ದು ದುಡಿಯುವ ಬಂಡವಾಳದ ಸಾಲಗಳಿಗೆ, ಅಂದರೆ ಗೊತ್ತಾದ ಮಿತಿಯೊಳಗೆ ಬೇಕಾದಾಗ ಹಣ ತೆಗೆದು ಮರಳಿ ತುಂಬುವ ಕ್ಯಾಶ್ ಕ್ರೆಡಿಟ್, ಓವರ್‌ಡ್ರಾಫ್ಟ್‌ಗಳಿಗೆ. ಅವಕ್ಕೆ ಕಂತೇ ಇಲ್ಲ, ತಿಂಗಳ ಬಡ್ಡಿ ಮಾತ್ರ. ಹಾಗಾಗಿ ಅಲ್ಲಿ 'ಬಡ್ಡಿ ವಸೂಲಿ ಮುಂದೂಡಿಕೆ' ಸರಿಯಾಗಿ ಕೂರುತ್ತದೆ. ಹೀಗೆ ಕೂಡಿಬಿದ್ದ ಬಡ್ಡಿಯನ್ನು ಪ್ರತ್ಯೇಕ ಅವಧಿ ಸಾಲವನ್ನಾಗಿ ಪರಿವರ್ತಿಸಿ 2021ರ ಮಾರ್ಚ್ 31ರೊಳಗೆ ತೀರಿಸಲು ಅವಕಾಶವಿತ್ತು. ಎರಡಕ್ಕೂ 'ಮುಂದೂಡಿಕೆ' ಎಂದೇ ಬರೆದರೆ ಸಣ್ಣ ಕೈಗಾರಿಕೆಯವರು ತಮ್ಮ ಸಾಲಕ್ಕೆ ಯಾವುದು ಅನ್ವಯ ಎಂದು ಹುಡುಕಾಡಬೇಕಾಗುತ್ತದೆ.

* * *

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ನಿಮ್ಮ ಬರಹದಲ್ಲಿ ಮುಂದೆ 'ಬಡ್ಡಿ ಮನ್ನಾ' ಬಂದೇ ಬರುತ್ತದೆ, ಅಲ್ಲೂ ಎಚ್ಚರ ಬೇಕು. 2020ರ ಅಕ್ಟೋಬರ್ 23ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಲ್ಲಿ ಕೊಟ್ಟದ್ದು ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸ ಮಾತ್ರ, ಅದೂ ಒಟ್ಟು ಸಾಲ ₹2 ಕೋಟಿ ಮೀರದವರಿಗೆ. ಮೇಲಿನ ಉದಾಹರಣೆಯಲ್ಲಿ ಬೆಳೆದ ಬಡ್ಡಿ ₹40,673. ಅದರಲ್ಲಿ ₹40,000 ಸರಳ ಬಡ್ಡಿ, ಅದು ಸಾಲಗಾರನ ತಲೆಯ ಮೇಲೆಯೇ. ಸರ್ಕಾರದಿಂದ ಬರುವುದು ₹673. ಇದನ್ನು 'ಬಡ್ಡಿ ಮನ್ನಾ' ಎನ್ನುವುದು ಓದುಗರಿಗೆ ಮಾಡುವ ಅನ್ಯಾಯ. 'ಬಡ್ಡಿ ಮೇಲಿನ ಬಡ್ಡಿ' ಎಂಬ ಮಾತು ಆಗಲೇ ಚಾಲ್ತಿಗೆ ಬಂದಿತ್ತು, ಅದನ್ನೇ ಬಳಸಿ.

ಈ ಹಣವನ್ನು 'ಮರುಪಾವತಿ' ಎಂದೂ ಬರೆಯಬೇಡಿ. ಬಿಡುವು ಪಡೆಯದೆ ತಪ್ಪದೆ ಕಂತು ಕಟ್ಟಿದವರಿಗೂ ಇದು ಸಿಕ್ಕಿತು. ಅವರು ಬಡ್ಡಿ ಮೇಲೆ ಬಡ್ಡಿ ಕಟ್ಟಿಯೇ ಇರಲಿಲ್ಲ, ಮರಳಿಸಲು ಏನಿದೆ? 'ಎಕ್ಸ್‌ಗ್ರೇಷಿಯಾ' (ಕೊಡಲೇಬೇಕೆಂಬ ಹೊಣೆಯಿಲ್ಲದಿದ್ದರೂ ಕೊಡುವ ನೆರವು) ಎಂದೇ ಇಡಬಹುದು, ಅಪಘಾತ ಪರಿಹಾರದ ಸುದ್ದಿಗಳಿಂದ ಜನಕ್ಕೆ ಆ ಪದದ ಪರಿಚಯವಿದೆ.

2021ರ ಮಾರ್ಚ್ 23ರ ಸುಪ್ರೀಂ ಕೋರ್ಟ್ ತೀರ್ಪಿನದು ಬೇರೆ ಸಂಗತಿ. ಪೂರ್ತಿ ಬಡ್ಡಿ ಮನ್ನಾ ಮಾಡಬೇಕೆಂಬ ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಬ್ಯಾಂಕುಗಳು ಠೇವಣಿದಾರರಿಗೆ ಬಡ್ಡಿ ಕೊಡಲೇಬೇಕಲ್ಲ. ಆದರೆ ಬಿಡುವಿನ ಅವಧಿಗೆ ಬಡ್ಡಿ ಮೇಲಿನ ಬಡ್ಡಿಯನ್ನಾಗಲಿ ಸುಸ್ತಿ ಬಡ್ಡಿಯನ್ನಾಗಲಿ ಯಾರಿಂದಲೂ ವಸೂಲಿ ಮಾಡುವಂತಿಲ್ಲ ಎಂದಿತು. ₹2 ಕೋಟಿಯ ಮಿತಿ ಹೋಯಿತು. ಆಗಲೇ ವಸೂಲಿ ಮಾಡಿದ್ದರೆ ಅದನ್ನು ಮುಂದಿನ ಕಂತಿಗೆ ಹೊಂದಿಸಬೇಕು ಅಥವಾ ಹಿಂತಿರುಗಿಸಬೇಕು. 'ಹಿಂತಿರುಗಿಸು', 'ಕಂತಿಗೆ ಹೊಂದಿಸು' ಎಂಬ ಕ್ರಿಯಾಪದಗಳನ್ನು ಇಲ್ಲಿಗೆ ಮಾತ್ರ ಮೀಸಲಿಡಿ.