ಸಾಗರದಿಂದ ಕೆಂಗೇರಿಯ ಹಾಸ್ಟೆಲಿಗೆ: ಮಗಳನ್ನು ಬಿಡುವ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಪ್ರಶ್ನೆ – ಸಾಗರದ ತಂದೆ

ನನ್ನ ಮಗಳಿಗೆ ಸಿಇಟಿ ಮೂಲಕ ಬೆಂಗಳೂರಿನ ಕೆಂಗೇರಿ ಬಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಆವರಣದಲ್ಲಿಯೇ ಇರುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೋಣೆಯೂ ದೊರೆತಿದ್ದು, ಗೌರಿ ಹಬ್ಬಕ್ಕೆ ಎರಡು ವಾರ ಮೊದಲಿನ ಭಾನುವಾರ ಬೆಳಿಗ್ಗೆ 9ರಿಂದ ಸಂಜೆ 4ರೊಳಗೆ ಬಂದು ಸೇರಬೇಕೆಂದು ತಿಳಿಸಿದ್ದಾರೆ. ಶನಿವಾರ ರಾತ್ರಿ ತಾಳಗುಪ್ಪ–ಮೈಸೂರು ರೈಲಿನಲ್ಲಿ ಮೂವರೂ ಹೊರಡುವುದೋ, ಬಾಡಿಗೆ ಕಾರು ಮಾಡಿಕೊಂಡು ಹೋಗುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಹೆಂಡತಿ ಸಿದ್ಧಪಡಿಸಿರುವ ಪಟ್ಟಿಯಲ್ಲಿ ಹತ್ತಿಯ ಹಾಸಿಗೆ, ಬಕೆಟ್ಟು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮತ್ತು ಅಪ್ಪೆಮಿಡಿಯ ಎರಡು ಭರಣಿಗಳು ಸೇರಿ ಮೂವತ್ತಕ್ಕೂ ಹೆಚ್ಚು ವಸ್ತುಗಳಿವೆ. ಬೆಂಗಳೂರಿನಲ್ಲಿ ನಮಗೆ ಹತ್ತಿರದ ಬಂಧುಗಳಿಲ್ಲ. ಆ ಒಂದು ದಿನವನ್ನು ಹೇಗೆ ಯೋಜಿಸಿಕೊಂಡರೆ ಮಗಳಿಗೂ ನಮಗೂ ಗಡಿಬಿಡಿ ಇರುವುದಿಲ್ಲ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಕೆಂಗೇರಿ ಉಪನಗರದ ನಿವಾಸಿ

ಕಾರು ಮಾಡಿಕೊಂಡು ಬರುವುದಾದರೆ ಬೆಂಗಳೂರು ನಗರದೊಳಕ್ಕೆ ಬರುವ ಅಗತ್ಯವೇ ಇಲ್ಲ. ತುಮಕೂರು ದಾಟಿ ಬರುವಾಗ ಮಾದಾವರದ ಬಳಿ ನೈಸ್ ರಸ್ತೆಗೆ ತಿರುಗಿಕೊಂಡು, ಟೋಲ್ ಕಟ್ಟಿ, ಮಾಗಡಿ ರಸ್ತೆಯನ್ನು ದಾಟಿ ನೇರವಾಗಿ ಮೈಸೂರು ರಸ್ತೆಗೆ ಇಳಿಯಬಹುದು. ಯಶವಂತಪುರ, ರಾಜಾಜಿನಗರದ ಸಿಗ್ನಲ್ಲುಗಳಲ್ಲಿ ನಿಲ್ಲುವುದು ತಪ್ಪುತ್ತದೆ. ಆದರೆ ಸಾಗರದಿಂದ ಬೆಳಗಿನ ಜಾವ ಹೊರಟು, ಸುಮಾರು ಏಳೆಂಟು ಗಂಟೆ ಕುಳಿತು ಬಂದು, ಅದೇ ದಿನ ಹಿಂದಿರುಗುವುದು ಚಾಲಕನಿಗೂ ನಿಮಗೂ ಹಿಂಸೆ. ನಾನಾದರೆ ರೈಲನ್ನೇ ಆರಿಸುತ್ತೇನೆ.

ರೈಲಿನಲ್ಲಿ ಸ್ಲೀಪರ್ ದರ್ಜೆಯ ಪ್ರಯಾಣಿಕರೊಬ್ಬರಿಗೆ 40 ಕಿಲೋವರೆಗೆ ಸಾಮಾನು ಉಚಿತವಾಗಿದ್ದು, ಮೂವರಿಗೆ ಅದು ಬೇಕಾದಷ್ಟಾಯಿತು. ತೊಡಕಿರುವುದು ಇಳಿದ ಮೇಲೆ. ಈ ರೈಲು ಬೆಂಗಳೂರನ್ನು ಮುಟ್ಟುವುದು ನಸುಕಿನಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಆಟೋ ಮೀಟರಿನ ಒಂದೂವರೆ ಪಟ್ಟು ಕೊಡಬೇಕು, ಅದೂ ಮೀಟರ್ ಹಾಕಿದರೆ. ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ನೇರಳೆ ಮಾರ್ಗದ ಮೆಟ್ರೊ 2021ರಿಂದಲೇ ಇದೆಯಾದರೂ, ಭಾನುವಾರ ಅದು ಆರಂಭವಾಗುವುದು 7 ಗಂಟೆಗೆ, ಉಳಿದ ದಿನಗಳಷ್ಟು ಬೇಗ ಅಲ್ಲ. ಇದನ್ನು ತಿಳಿಯದೆ ಭಾನುವಾರದ ನಸುಕಿನಲ್ಲಿ ಮುಚ್ಚಿದ ಗೇಟಿನ ಮುಂದೆ ಟ್ರಂಕಿನ ಮೇಲೆ ಕುಳಿತಿರುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ ಮುಖ ತೊಳೆದು, ತಿಂಡಿ ಮುಗಿಸಿ, ಆರರ ನಂತರ ಆಟೋ ಹಿಡಿಯಿರಿ. ಸಾಮಾನು ಹೆಚ್ಚಿದ್ದರೆ ಮೆಟ್ರೊದ ತಪಾಸಣೆ ಮತ್ತು ಮೆಟ್ಟಿಲುಗಳ ಸಹವಾಸ ಬೇಡ.

ಉತ್ತರ 2 – ಹಾಸ್ಟೆಲಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ

ಸರ್, ನಾನೂ ಮಲೆನಾಡಿನವಳೇ, ತೀರ್ಥಹಳ್ಳಿ ಕಡೆಯವಳು. ಮೊದಲ ವರ್ಷ ನಮ್ಮ ಮನೆಯವರು ನನ್ನ ಜೊತೆ ಒಂಬತ್ತು ಗಂಟುಗಳನ್ನು ಕಳುಹಿಸಿದ್ದರು, ಅವುಗಳಲ್ಲಿ ನಾಲ್ಕು ದಸರಾ ರಜೆಯಲ್ಲಿ ಬಿಚ್ಚದೆಯೇ ಮನೆಗೆ ವಾಪಸಾದವು.

ಕೆಟಲ್ ಮತ್ತು ಇಸ್ತ್ರಿಪೆಟ್ಟಿಗೆಯನ್ನು ತರುವ ಮೊದಲು ಹಾಸ್ಟೆಲಿನ ನಿಯಮಗಳನ್ನು ಓದಿ. ವಿದ್ಯುತ್ ಹೆಚ್ಚು ಎಳೆಯುವ ಉಪಕರಣಗಳನ್ನು ಬಹುತೇಕ ಹಾಸ್ಟೆಲುಗಳು ನಿಷೇಧಿಸಿವೆ. ನಾವು ಸೇರಿದ ದಿನ ವಾರ್ಡನ್ ಕೊಠಡಿಯ ಮೂಲೆಯಲ್ಲಿ ಕೆಟಲ್‌ಗಳ ಗುಡ್ಡೆಯೇ ಇತ್ತು. ಬಕೆಟ್ಟು, ಮಗ್ಗು, ಹ್ಯಾಂಗರ್, ಬಟ್ಟೆ ಒಣಗಿಸುವ ಹಗ್ಗ, ಇವೆಲ್ಲ ಕೆಂಗೇರಿಯಲ್ಲಿಯೇ ಸಿಗುತ್ತವೆ. ಊರಿನಿಂದ ತರಬೇಕಾದದ್ದು ಒಳ್ಳೆಯ ಬೀಗ ಒಂದು, ಅದರ ಎರಡೂ ಕೀಲಿಗಳು, ಉದ್ದನೆಯ ಎಕ್ಸ್‌ಟೆನ್ಷನ್ ವೈರು, ಹೊದಿಕೆ ಮತ್ತು ಅಭ್ಯಾಸವಾದ ದಿಂಬು. ದಿಂಬನ್ನು ಕಡೆಗಣಿಸಬೇಡಿ.

ಅಪ್ಪೆಮಿಡಿ ಖಂಡಿತ ತನ್ನಿ, ಆದರೆ ಭರಣಿಯಲ್ಲಿ ಬೇಡ. ತಿರುಪಿನ ಮುಚ್ಚಳದ ಸಣ್ಣ ಬಾಟಲಿಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬಟ್ಟೆಯ ಚೀಲದಿಂದ ದೂರವಿಡಿ. ನನ್ನ ಕಾಲೇಜಿನ ಮೊದಲ ದಿನದ ಬಿಳಿ ಕುರ್ತಾಕ್ಕೆ ಉಪ್ಪಿನಕಾಯಿಯ ರಸ ಅಂಟಿಕೊಂಡು, ಅದನ್ನು ಮುಂದೆ ಕೋಣೆ ಒರೆಸಲು ಬಳಸಬೇಕಾಯಿತು.

ಇನ್ನೊಂದು ಮಾತು. ಬಾಗಿಲು ತೆರೆಯುವ ಹೊತ್ತಿಗೇ ಬಂದರೆ ಮಂಚ ಮತ್ತು ಕಪಾಟನ್ನು ಆರಿಸಿಕೊಳ್ಳುವ ಅವಕಾಶ ನಿಮ್ಮ ಮಗಳದ್ದಾಗುತ್ತದೆ. ಕಿಟಕಿಯ ಪಕ್ಕದ ಮಂಚ ಚೆನ್ನಾಗಿ ಕಾಣುತ್ತದೆ, ಆದರೆ ಚಾರ್ಜಿಂಗ್ ಪ್ಲಗ್ ಎಲ್ಲಿದೆ ಎಂದು ಮೊದಲು ನೋಡಲಿ. ಕೋಣೆಯ ನಲ್ಲಿ, ಫ್ಯಾನು, ಕಪಾಟಿನ ಚಿಲಕ ಸರಿಯಿವೆಯೇ ಎಂದು ಪರೀಕ್ಷಿಸಿ, ಮುರಿದಿರುವುದರ ಫೋಟೊ ತೆಗೆದುಕೊಂಡು ಅಂದೇ ವಾರ್ಡನ್‌ಗೆ ತಿಳಿಸಬೇಕು. ಇಲ್ಲವಾದರೆ ವರ್ಷದ ಕೊನೆಯಲ್ಲಿ ಠೇವಣಿಯಿಂದ ಮುರಿದುಕೊಳ್ಳುತ್ತಾರೆ.

ಉತ್ತರ 3 – ಶಿರಸಿಯ ತಾಯಿ

ಹಾಸಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ನಾವು ಹತ್ತಿಯ ಹಾಸಿಗೆಯನ್ನು ಸುತ್ತಿ ತೆಗೆದುಕೊಂಡು ಹೋದೆವು; ಮಳೆಗಾಲದ ತೇವವನ್ನು ಹೀರಿದ್ದ ಅದು ಕೋಣೆ ಸೇರಿದ ಮೂರೇ ದಿನದಲ್ಲಿ ಮುಗ್ಗಲು ವಾಸನೆ ಹೊಡೆಯತೊಡಗಿತು. ಆದ್ದರಿಂದ ಅಲ್ಲಿಯೇ ಕೊಳ್ಳಿ, ಆದರೆ ಮಂಚವನ್ನು ಅಳೆದ ಮೇಲೆ ಕೊಳ್ಳಿ. ಆರಡಿ ಉದ್ದ, ಮೂರಡಿ ಅಗಲ ಎಂದುಕೊಂಡು ತಂದದ್ದು ಎರಡೂವರೆ ಅಡಿಯ ಮಂಚದಿಂದ ಹೊರಕ್ಕೆ ಚಾಚಿಕೊಂಡ ಉದಾಹರಣೆ ನಮ್ಮ ಪಕ್ಕದ ಕೋಣೆಯಲ್ಲಿಯೇ ಇತ್ತು.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ತಂದೆಯರನ್ನು ಸಾಮಾನ್ಯವಾಗಿ ಕೆಳಗಿನ ಹಜಾರದಲ್ಲಿಯೇ ಕೂರಿಸುತ್ತಾರೆ. ಹಾಗಾಗಿ ಕೋಣೆಯ ಕೆಲಸವನ್ನು ತಾಯಿ, ಮಗಳು ನೋಡಿಕೊಳ್ಳಲಿ, ಸರತಿಯಲ್ಲಿ ನಿಂತು ಕಾಗದಪತ್ರ ಮುಗಿಸುವ ಕೆಲಸ ನಿಮ್ಮದಾಗಲಿ. ಸೀಟು ಹಂಚಿಕೆಯ ಪತ್ರ, ಶುಲ್ಕದ ರಸೀದಿ, ಆಧಾರ್ ಪ್ರತಿಗಳು, ವೈದ್ಯಕೀಯ ಪ್ರಮಾಣಪತ್ರ ಮತ್ತು ಹತ್ತಾದರೂ ಭಾವಚಿತ್ರಗಳು ಕೈಚೀಲದಲ್ಲಿರಲಿ, ಪೆಟ್ಟಿಗೆಯ ತಳದಲ್ಲಲ್ಲ. ಸ್ಥಳೀಯ ಪೋಷಕರ ಹೆಸರು ಮತ್ತು ಭಾವಚಿತ್ರವನ್ನೂ ಕೆಲವೆಡೆ ಕೇಳುತ್ತಾರೆ. ನಮಗೆ ಅದು ಗೊತ್ತಿರದೆ, ಪರಿಚಯದವರೊಬ್ಬರನ್ನು ಒಪ್ಪಿಸಿ ಅವರ ಚಿತ್ರ ತರಿಸುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಬಂಧುಗಳಿಲ್ಲವೆಂದು ನೀವು ಬರೆದಿರುವುದರಿಂದ ಈ ವಾರವೇ ಹಾಸ್ಟೆಲಿಗೆ ಫೋನು ಮಾಡಿ ಕೇಳಿ.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ಯುಜಿಸಿಯ 2009ರ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿಯೂ ಪೋಷಕರೂ ಬರೆದುಕೊಡಬೇಕು. ಆನ್‌ಲೈನಿನಲ್ಲಿ ಊರಿನಲ್ಲಿಯೇ ಮುಗಿಸಿಬಿಡಿ. 1800-180-5522 ಎಂಬ ಸಹಾಯವಾಣಿ ಸಂಖ್ಯೆಯನ್ನು ಮಗಳ ಮೊಬೈಲಿನಲ್ಲಿ ಉಳಿಸಿಡಿ.

ಊಟ ಮುಗಿದ ಮೇಲೆ ಹೆಚ್ಚು ಹೊತ್ತು ಅಲ್ಲಿರಬೇಡಿ. ನಾವು ಸಂಜೆಯವರೆಗೆ ಕುಳಿತದ್ದರಿಂದ, ಉಳಿದ ಹುಡುಗಿಯರು ಒಟ್ಟಾಗಿ ಚಹಾ ಕುಡಿಯಲು ಹೋದಾಗ ನನ್ನ ಮಗಳೊಬ್ಬಳೇ ನಮ್ಮ ಪಕ್ಕದಲ್ಲಿ ಉಳಿದಳು.

ಸಾಗರದ ತಂದೆ

ಮೂವರಿಗೂ ಧನ್ಯವಾದಗಳು. ರೈಲಿನಲ್ಲಿಯೇ ಹೋಗುವುದೆಂದು ತೀರ್ಮಾನಿಸಿದ್ದೇವೆ. ಪಟ್ಟಿ ಹದಿನಾಲ್ಕಕ್ಕೆ ಇಳಿದಿದೆ. ಎರಡು ಭರಣಿಗಳು ಎರಡು ಸಣ್ಣ ಬಾಟಲಿಗಳಾಗಿವೆ, ಮೂರನೆಯದರ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ. ಹಬ್ಬಕ್ಕೆ ಮಗಳು ಊರಿಗೆ ಬರಲು ಟಿಕೆಟು ಈಗಲೇ ಕಾಯ್ದಿರಿಸಬೇಕೇ?

ಕೆಂಗೇರಿ ಉಪನಗರದ ನಿವಾಸಿ

ಇಂದೇ ಮಾಡಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುವುದರಿಂದ ಹಬ್ಬದ ಹಿಂದಿನ ರಾತ್ರಿಯ ಸ್ಲೀಪರ್ ಈಗಾಗಲೇ ಮುಗಿದಿರಬಹುದು. ಹಾಗಿದ್ದರೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನೋಡಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಅವುಗಳಿಗೆ ಪೂರ್ಣ ದರ ಕೊಡಬೇಕಾಗುತ್ತದೆ.