ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿ ಬಣ್ಣ ಕಲಿಯೋದು ಹೇಗೆ?

ಶಹಾಬಾದ್‌ನಿಂದ, ಡಿಗ್ರಿ ಓದುತ್ತಿರುವ ಹುಡುಗ:
ಪೆನ್ಸಿಲ್‌ನಲ್ಲಿ ಮುಖ ಚೆನ್ನಾಗಿ ಬರುತ್ತದೆ. ಬಣ್ಣ ಹಚ್ಚಿದರೆ ಸಾಕು, ಕ್ಯಾಲೆಂಡರ್ ಗೊಂಬೆ ಆಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣನ್ನು ನೋಡಿ ಬರೆದು ಕಲಿಯೋಣ ಅಂತಿದ್ದೇನೆ. ರವಿವರ್ಮನದ್ದು ಅಲ್ವಾ? ಆಯಿಲ್ ಪೇಂಟ್ ತಗೊಳ್ಳಲಾ?

ಕಲಬುರಗಿಯ ಡ್ರಾಯಿಂಗ್ ಮೇಷ್ಟ್ರು:
ರವಿವರ್ಮನದ್ದಲ್ಲ ತಮ್ಮಾ, ಎಸ್.ಎಲ್. ಹಲ್ದಂಕರ್ ಅವರದ್ದು. 1940ರ ದಶಕದ ಚಿತ್ರ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆಯಿಲ್ ಕೂಡ ಅಲ್ಲ, ವಾಟರ್ ಕಲರ್. ಮತ್ತೆ, ಸುಮ್ನೆ ಕ್ಯಾಲೆಂಡರನ್ನು ಬೈಬೇಡ. ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರು ಕ್ಯಾಲೆಂಡರ್‌ಗೂ ಬರೆದವರೇ.

ಇಡೀ ಚಿತ್ರಕ್ಕೆ ಕೈ ಹಾಕಬೇಡ. ದೀಪಕ್ಕೆ ಅಡ್ಡ ಹಿಡಿದ ಕೈ ಇದೆಯಲ್ಲ, ಅದೊಂದನ್ನೇ ತಗೋ. ರಾತ್ರಿ ಲೈಟ್ ಆರಿಸಿ, ಎಣ್ಣೆ ದೀಪ ಹಚ್ಚಿ, ನಿನ್ನ ಕೈಯನ್ನೇ ಅಡ್ಡ ಹಿಡಿದು ನೋಡು. ಬೆರಳಿನ ಅಂಚು ಕೆಂಪಗೆ ಉರಿಯುತ್ತದೆ, ಅಂಗೈಯ ದಪ್ಪ ಭಾಗ ಕಂದಾಗಿಯೇ ಉಳಿಯುತ್ತದೆ. ಮೈಬಣ್ಣ ಅಂತ ಟ್ಯೂಬ್ ಮಾರುತ್ತಾರಲ್ಲ, ಅದನ್ನು ಅಲ್ಲಿ ಬಳಿದರೆ ಪ್ಲಾಸ್ಟಿಕ್ ಕೈ ಆಗುತ್ತದೆ.

ವಾಟರ್ ಕಲರ್‌ನಲ್ಲಿ ಬೆಳಕು ಅಂದರೆ ಬಣ್ಣ ಮುಟ್ಟಿಸದೆ ಬಿಟ್ಟ ಕಾಗದ. ದೀಪದ ಕುಡಿಯ ಜಾಗ ಬಿಳಿಯಾಗಿ ಬಿಡು. ಸುತ್ತ ತೆಳು ಹಳದಿ, ಒಣಗಿದ ಮೇಲೆ ಕೇಸರಿ, ಅದೂ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ, ಅಂದರೆ ಕೆಂಪು ಛಾಯೆಯ ಕಂದು. ಕತ್ತಲಿಗೆ ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ಅನ್ನೋ ಗಾಢ ನೀಲಿಗೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬೆರೆಸು, ಜೀವ ಇರುವ ಕತ್ತಲು ಬರುತ್ತದೆ.

ಯಾದಗಿರಿಯಿಂದ ಒಬ್ಬರು:
ನಮ್ಮ ಕಡೆಯ ಬೇಸಿಗೆ ಮರೀಬೇಡಿ. ಫ್ಯಾನ್ ಕೆಳಗೆ ಕೂತರೆ ವಾಶ್, ಅಂದರೆ ನೀರು ಬೆರೆಸಿ ಹರಡಿದ ತೆಳು ಬಣ್ಣ, ಅರ್ಧದಲ್ಲೇ ಒಣಗಿ ಗೆರೆ ಬೀಳುತ್ತದೆ. ಚಿತ್ರದ ಹಿನ್ನೆಲೆಯ ಕತ್ತಲನ್ನು ಬೆಳಗಿನ ತಂಪಿನಲ್ಲೇ ಹಾಕಿ. ಕಾಗದದ ಹಿಂಭಾಗವನ್ನೂ ಒದ್ದೆ ಮಾಡಿಕೊಳ್ಳಿ. 300 ಜಿಎಸ್‌ಎಂನ ದಪ್ಪ ಕಾಗದವೇ ಇರಲಿ, ತೆಳು ಶೀಟ್ ಉಬ್ಬಿಬಿಡುತ್ತದೆ.

ಬೀದರ್‌ನಿಂದ ಅಕ್ಕ:
ಮೇಷ್ಟ್ರೇ, ನಾನು ಒಪ್ಪಲ್ಲ. ಹೊಸಬರಿಗೆ ಆಯಿಲ್ಲೇ ವಾಸಿ. ಸರಿ ಬರದಿದ್ದರೆ ಬಟ್ಟೆಯಲ್ಲಿ ಒರೆಸಬಹುದು. ನಾನು ಇದೇ ಚಿತ್ರವನ್ನು ಆಯಿಲ್‌ನಲ್ಲಿ ಬರೆದೆ. ಮೊದಲು ಬರೀ ಬರ್ನ್ಟ್ ಅಂಬರ್‌ನಲ್ಲಿ ನೆರಳು ಬೆಳಕು ಮುಗಿಸಿ, ಆಮೇಲೆ ಬಣ್ಣ. ಆಯಿಲ್‌ನಲ್ಲಿ ಕತ್ತಲು ಮೊದಲು, ಬೆಳಕು ಕೊನೆಗೆ. ಮೊಬೈಲ್‌ನಲ್ಲಿ ಫೋಟೋವನ್ನು ಕಪ್ಪು ಬಿಳುಪು ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ. ನೆಟ್‌ನಲ್ಲಿ ಸಿಗುವ ಒಂದೊಂದು ಫೋಟೋದಲ್ಲಿ ಒಂದೊಂದು ಹಳದಿ, ಅದನ್ನು ನಂಬಬೇಡಿ.

ಮೇಷ್ಟ್ರು:
ಆಯಿಲ್‌ನಲ್ಲೂ ಮಾಡಲಿ ತಾಯಿ, ಬೇಡ ಅನ್ನಲ್ಲ. ಆದರೆ ಬೆಳಕನ್ನು ಕಾಯ್ದುಕೊಳ್ಳುವ ಶಿಸ್ತು ವಾಟರ್ ಕಲರ್‌ನಲ್ಲೇ ಜಾಸ್ತಿ. ಸೀರೆಗೆ ಬಂದಾಗ ಸುತ್ತಲೂ ಗಟ್ಟಿ ಗೆರೆ ಎಳೀಬೇಡ ತಮ್ಮಾ. ದೀಪದ ಹತ್ತಿರದ ಮಡಿಕೆ ಮಾತ್ರ ಸ್ಪಷ್ಟ ಇರಲಿ. ಕೈಯ ಚಿತ್ರ ಮುಗಿದ ಮೇಲೆ ಫೋಟೋ ಹಾಕು, ಮುಖದ ಬಗ್ಗೆ ಆಮೇಲೆ ಮಾತಾಡೋಣ.