ಡಾಕ್‌ಗೆ ಹಾಕಿದರೆ ಟಿವಿಯಲ್ಲಿ ಚಿತ್ರ ಮಸುಕು, ಮೌಸ್ ತಡವರಿಸುತ್ತದೆ. ಏನು ಮಾಡಲಿ?

ತೀರ್ಥಹಳ್ಳಿ ಮಳೆ

ಎಲ್ಲರಿಗೂ ನಮಸ್ಕಾರ. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಪಿಸಿ ತಗೊಂಡು ಮೂರು ತಿಂಗಳಾಯಿತು. ವಿಂಡೋಸ್ 11, 7 ಇಂಚು ಸ್ಕ್ರೀನ್, 1080ಪಿ, 120 ಹರ್ಟ್ಸ್. ಕೈಯಲ್ಲಿ ಆಡುವಾಗ ಒಂದೂ ತೊಂದರೆ ಇಲ್ಲ. ಈಗ ಮಳೆ ಹಿಡಿದಿದೆ, ಸ್ವಲ್ಪ ಹೊಳವಾದಾಗ ಅಡಿಕೆಗೆ ಔಷಧಿ ಹೊಡೆಸುವುದು ಬಿಟ್ಟರೆ ಉಳಿದ ಹೊತ್ತೆಲ್ಲ ಮನೆಯಲ್ಲೇ. ಹಾಲ್‌ನಲ್ಲಿರುವ 43 ಇಂಚಿನ 4ಕೆ ಟಿವಿಗೆ ಹಾಕಿಕೊಂಡು ತಮ್ಮನ ಜೊತೆ ಆಡೋಣ ಅಂತ ಒಂದು ಯುಎಸ್‌ಬಿ-ಸಿ ಡಾಕ್ (ಒಂದೇ ಕೇಬಲ್‌ನಲ್ಲಿ ಟಿವಿ, ಚಾರ್ಜರ್, ಮೌಸ್ ಎಲ್ಲವನ್ನೂ ಪಿಸಿಗೆ ಸೇರಿಸುವ ಡಬ್ಬಿ) ತರಿಸಿದೆ.

ಅಲ್ಲಿಂದ ಶುರುವಾಯಿತು. ಚಿತ್ರದ ನಾಲ್ಕೂ ಅಂಚು ಕತ್ತರಿಸಿ ಹೋಗುತ್ತದೆ, ಟಾಸ್ಕ್‌ಬಾರ್ ಅರ್ಧ ಕಾಣುವುದೇ ಇಲ್ಲ. ಅಕ್ಷರ ಮಸುಕು. ಮೌಸ್ ಆಡಿಸಿದರೆ ಬಾಣ ಹಿಂದಿನಿಂದ ಎಳೆದುಕೊಂಡು ಬರುತ್ತದೆ, ಕೆಲವು ಸಲ ಅರ್ಧ ಸೆಕೆಂಡ್ ನಿಂತೇ ಬಿಡುತ್ತದೆ, ಗೇಮ್ ಮಧ್ಯೆ ಎಲ್ಲೋ ಮಾಯವೂ ಆಗುತ್ತದೆ. ವೈರ್‌ಲೆಸ್ ಮೌಸ್, ಅದರ ಡಾಂಗಲ್ (ಮೌಸ್‌ನ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಡಾಕ್‌ಗೇ ಚುಚ್ಚಿದ್ದೇನೆ. ಪಕ್ಕದ ಪೋರ್ಟ್‌ನಲ್ಲಿ ಗೇಮ್ ತುಂಬಿಟ್ಟ ಎಸ್‌ಎಸ್‌ಡಿ ಡ್ರೈವ್. ಬೇರೆ ವೈರ್‌ಲೆಸ್ ಮೌಸ್ ಹಾಕಿ ನೋಡಿದೆ, ಅದೂ ಹಾಗೇ. ಡಾಕ್ ವಾಪಸ್ ಕಳಿಸಲು ಇನ್ನು ನಾಲ್ಕೇ ದಿನ ಇದೆ. ಕಳಿಸಿಬಿಡಲಾ?

ಸಾಗರದವ

ತಡೀರಿ, ಈಗಲೇ ಕಳಿಸಬೇಡಿ. ನೀವು ಹೇಳಿದ್ದರಲ್ಲಿ ಮೂರ್ನಾಲ್ಕು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ, ಒಟ್ಟಿಗೆ ಬಂದಿದ್ದರಿಂದ ಎಲ್ಲ ಡಾಕ್‌ನದೇ ಅನ್ನಿಸುತ್ತಿದೆ, ಅಷ್ಟೇ.

ಅಂಚು ಕತ್ತರಿಸುವುದು ಟಿವಿಯ ಓವರ್‌ಸ್ಕ್ಯಾನ್. ಹಳೆ ಡಬ್ಬಾ ಟಿವಿ ಕಾಲದ ಪದ್ಧತಿ, ಇನ್ನೂ ಉಳಿದುಕೊಂಡಿದೆ. ಟಿವಿಯ ಪಿಕ್ಚರ್ ಮೆನುವಿನಲ್ಲಿ ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್ ಅಥವಾ 1:1 ಅಂತ ಏನಾದರೂ ಇರುತ್ತದೆ, ಅದನ್ನು ಆರಿಸಿ. ಚಿತ್ರವನ್ನು ಹಿಗ್ಗಿಸುವುದು ನಿಂತರೆ ಅಕ್ಷರವೂ ಅರ್ಧ ಸರಿಹೋಗುತ್ತದೆ.

ಆಮೇಲೆ ವಿಂಡೋಸ್ ಕೀ ಜೊತೆ ಪಿ ಒತ್ತಿ. ಡೂಪ್ಲಿಕೇಟ್ ಇದ್ದರೆ ಎರಡೂ ಸ್ಕ್ರೀನ್ ಒಂದೇ ರೆಸಲ್ಯೂಶನ್‌ಗೆ ಕಟ್ಟಿಹಾಕಿದ ಹಾಗೆ. ಎಕ್ಸ್‌ಟೆಂಡ್ ಇದ್ದರೆ ಕರ್ಸರ್ ಸುಮ್ನೆ ಚಿಕ್ಕ ಸ್ಕ್ರೀನ್ ಕಡೆ ಹೋಗಿ ಕೂತಿರುತ್ತದೆ, ನಿಮಗೆ ಮಾಯವಾದಂತೆ ಕಾಣುತ್ತದೆ. ಸೆಕೆಂಡ್ ಸ್ಕ್ರೀನ್ ಓನ್ಲಿ ಅಂತ ಹಾಕಿ.

ಈಗ ಮುಖ್ಯ ವಿಷಯ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೋಡಿ. 4ಕೆಯಲ್ಲಿ 30 ಹರ್ಟ್ಸ್ ಇದ್ದರೆ ನಿಮ್ಮ ಮೌಸ್ ಎಳೆತಕ್ಕೆ ಅದೇ ದೊಡ್ಡ ಕಾರಣ. 30ರಲ್ಲಿ ಹೊಸ ಚಿತ್ರ 33 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, 60ರಲ್ಲಿ ಸುಮಾರು 17ಕ್ಕೆ. ಮೌಸ್ ಎಷ್ಟೇ ಚೆನ್ನಾಗಿದ್ದರೂ ಬಾಣ ಕುಂಟುತ್ತದೆ. ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ನಾಲ್ಕು ದಾರಿ ಇವೆ. ಹಲವು ಡಾಕ್‌ಗಳು ಅದರಲ್ಲಿ ಎರಡನ್ನು ಯುಎಸ್‌ಬಿ 3ಕ್ಕೆ ಕೊಟ್ಟು ಚಿತ್ರಕ್ಕೆ ಎರಡನ್ನೇ ಉಳಿಸುತ್ತವೆ, ಜೊತೆಗೆ ಎಚ್‌ಡಿಎಂಐ 1.4ರ ಚಿಪ್ ಇದ್ದರೆ 4ಕೆ 30ರ ಮೇಲೆ ಏರುವುದೇ ಇಲ್ಲ. ಎಚ್‌ಡಿಎಂಐ 2.0 ಇದ್ದೂ 30 ಅಂತಲೇ ತೋರಿಸಿದರೆ ಟಿವಿಯ ಆ ಪೋರ್ಟ್‌ಗೆ ಎನ್‌ಹಾನ್ಸ್ಡ್ ಎಚ್‌ಡಿಎಂಐ ಆನ್ ಮಾಡಿ ನೋಡಿ. ಆಗಲಿಲ್ಲವಾ, 1080ಪಿ 60ಕ್ಕೆ ಇಳಿಸಿ. ಈ ಪುಟ್ಟ ಯಂತ್ರಗಳು ಹೊಸ ಗೇಮ್‌ಗಳನ್ನು 4ಕೆಯಲ್ಲಿ ಹೇಗೂ ಓಡಿಸುವುದಿಲ್ಲ, ಕಳೆದುಕೊಳ್ಳುವುದು ಏನೂ ಇಲ್ಲ. ಚಿತ್ರ ತಡವಾಗಿ ಬರುವುದನ್ನು ಕಡಿಮೆ ಮಾಡುವ ಟಿವಿಯ ಗೇಮ್ ಮೋಡ್ ಕೂಡ ಹಾಕಿ, ಮರೀಬೇಡಿ.

ದುರ್ಗಿಗುಡಿ ಗೇಮರ್

ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ ಸೆಕೆಂಡ್ ನಿಲ್ಲುವುದು 30 ಹರ್ಟ್ಸ್‌ನಿಂದ ಆಗುವುದಲ್ಲ. ಅದು ಡಾಂಗಲ್. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ, ನಿಮ್ಮ ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್‌ನವರು 2012ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಯುಎಸ್‌ಬಿ 3ರಲ್ಲಿ ಓಡುವ ಎಸ್‌ಎಸ್‌ಡಿ ಪಕ್ಕದಲ್ಲೇ ಡಾಂಗಲ್ ಇಟ್ಟರೆ ಜಾತ್ರೆಯಲ್ಲಿ ನಿಂತು ಪಿಸುಗುಟ್ಟಿದ ಹಾಗೆ. ನನಗೂ ಇದೇ ಆಗಿತ್ತು, ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ಡಾಂಗಲನ್ನು ಮೌಸ್ ಹತ್ತಿರ ಇಡಿ. ಬ್ಲೂಟೂತ್ ಕೂಡ ಅದೇ 2.4ರಲ್ಲೇ ಇರುವುದು, ಅದಕ್ಕೆ ಬದಲಾಯಿಸಿದರೆ ಗ್ಯಾರಂಟಿ ಇಲ್ಲ.

ಸ್ಟೀಮ್ ಡೆಕ್ (ಇಂಥದ್ದೇ ಇನ್ನೊಂದು ಕೈಯಲ್ಲಿ ಹಿಡಿದು ಆಡುವ ಪಿಸಿ) ಇಟ್ಟುಕೊಂಡವರು ಓದುತ್ತಿದ್ದರೆ: ಅದರ ಸ್ಕ್ರೀನ್ 1280×800, ಟಿವಿಗೆ ಹಾಕಿದಾಗಲೂ ಗೇಮ್ ಅಷ್ಟರಲ್ಲೇ ಓಡಿ ಮಸುಕಾಗಿ ಕಂಡರೆ ಆ ಗೇಮ್‌ನ ಪ್ರಾಪರ್ಟೀಸ್‌ನಲ್ಲಿ ರೆಸಲ್ಯೂಶನ್ ಬದಲಿಸಿ.

ತೀರ್ಥಹಳ್ಳಿ ಮಳೆ

ತುಂಬಾ ಥ್ಯಾಂಕ್ಸ್! ನೋಡಿದೆ, 30 ಹರ್ಟ್ಸ್ ಅಂತಲೇ ಇತ್ತು. ಎನ್‌ಹಾನ್ಸ್ಡ್ ಹಾಕಿದರೂ ಏರಲಿಲ್ಲ, 1080ಪಿ 60 ಮಾಡಿದೆ. ಬೆಣ್ಣೆ ಹಾಗೆ ಓಡುತ್ತಿದೆ. ಅಂಚೂ ಸರಿಯಾಯಿತು. ಎಕ್ಸ್‌ಟೆನ್ಶನ್ ವೈರ್ ಇಲ್ಲಿ ಸಿಗಲಿಲ್ಲ, ಸದ್ಯಕ್ಕೆ ಎಸ್‌ಎಸ್‌ಡಿ ತೆಗೆದಿಟ್ಟೆ, ಮೌಸ್ ನಿಲ್ಲುವುದು ಪೂರ್ತಿ ಹೋಯಿತು.

ಆದರೆ ಒಂದು ಉಳಿದಿದೆ. ನಾನು ಮೌಸ್ ಮುಟ್ಟದಿದ್ದರೂ ಕರ್ಸರ್ ಆಗಾಗ ತಾನೇ ಹಾರುತ್ತದೆ, ಯಾರೋ ಕ್ಲಿಕ್ ಮಾಡಿದ ಹಾಗೆ ಮೆನು ತೆರೆದುಕೊಳ್ಳುತ್ತದೆ. ಡಾಕ್‌ಗೆ ಚಾರ್ಜರ್ ಹಾಕಿದಾಗ ಜಾಸ್ತಿ.

ಕೊಪ್ಪದ ವೈರ್‌ಮನ್

ಒಂದು ಪ್ರಶ್ನೆ. ಚಾರ್ಜರ್ ಹಾಕಿದಾಗ ಡಾಕ್‌ನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದಾ?

ಹೌದಾದರೆ ಅರ್ಥಿಂಗ್ ನೋಡಿಸಿ. ನಮ್ಮ ಕಡೆ ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅರ್ಥ್ ಇಲ್ಲದಾಗ ಚಾರ್ಜರ್‌ನಿಂದ ಸೋರುವ ಕರೆಂಟೆಲ್ಲ ಯಂತ್ರದ ಮೈಮೇಲೆ ಬರುತ್ತದೆ, ನಿಮ್ಮ ಪಿಸಿಯ ಟಚ್ ಸ್ಕ್ರೀನ್ ಅದನ್ನೇ ಬೆರಳು ಅಂದುಕೊಳ್ಳುತ್ತದೆ. ಹಾರುತ್ತಿರುವುದು ನಿಮ್ಮ ಮೌಸ್ ಅಲ್ಲ, ಟಚ್. ಪರೀಕ್ಷೆ ಸುಲಭ: ಚಾರ್ಜರ್ ತೆಗೆದು ಹತ್ತು ನಿಮಿಷ ಬ್ಯಾಟರಿಯಲ್ಲಿ ಆಡಿ. ನಿಂತರೆ ಇದೇ ಕಾರಣ. ಅಲ್ಲಿಯವರೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಕೆಳಗೆ ಟಚ್ ಸ್ಕ್ರೀನ್ ಡಿಸೇಬಲ್ ಮಾಡಿಡಿ.

ಸಾಕೆಟ್ ನೀವೇ ಬಿಚ್ಚಬೇಡಿ, ದಯವಿಟ್ಟು. ಗುಡುಗು ಶುರುವಾದರೆ ಪ್ಲಗ್ ಮಾತ್ರ ಅಲ್ಲ, ಡಿಶ್ ವೈರನ್ನೂ ಎಚ್‌ಡಿಎಂಐ ಕೇಬಲನ್ನೂ ತೆಗೆದಿಡಿ. ಸಿಡಿಲು ಡಿಶ್ ವೈರಿನಿಂದ ಟಿವಿಗೆ ಬಂದು, ಅಲ್ಲಿಂದ ಎಚ್‌ಡಿಎಂಐ ಹಿಡಿದು ನಿಮ್ಮ ಪಿಸಿಗೂ ಹೋಗಬಹುದು.

ತೀರ್ಥಹಳ್ಳಿ ಮಳೆ

ಜುಮ್ ಅನ್ನುತ್ತದೆ ಅಣ್ಣಾ! ಇಷ್ಟು ದಿನ ಮಳೆಗಾಲದ ಥಂಡಿ ಅಂದುಕೊಂಡು ಸುಮ್ಮನಿದ್ದೆ. ಬ್ಯಾಟರಿಯಲ್ಲಿ ಆಡಿದೆ, ಒಂದು ಸಲವೂ ಹಾರಲಿಲ್ಲ. ಇವತ್ತು ವೈರ್‌ಮನ್ ಬಂದು ಟಿವಿ ಹಿಂದಿನ ಸಾಕೆಟ್ ಬಿಚ್ಚಿದರು, ನೀವು ಹೇಳಿದ ಹಾಗೇ ಅರ್ಥ್ ವೈರ್ ಇರಲೇ ಇಲ್ಲ. ಅಡುಗೆಮನೆಯ ಫ್ರಿಜ್ ಸಾಕೆಟ್‌ನಲ್ಲೂ ಇಲ್ಲ. ಅಮ್ಮ ಗಾಬರಿಯಾಗಿ ಇಡೀ ಮನೆಯ ಸಾಕೆಟ್ ನೋಡಿಸುತ್ತಿದ್ದಾರೆ. ಡಾಕ್ ಇಟ್ಟುಕೊಳ್ಳುತ್ತೇನೆ. ಎಕ್ಸ್‌ಟೆನ್ಶನ್ ವೈರ್ ತರಲು ನಾಳೆ ತಮ್ಮ ಶಿವಮೊಗ್ಗಕ್ಕೆ ಹೋಗುತ್ತಾನೆ.